ಹಳೇ ಬಟ್ಟೆಯ ಮೊದಲ ಕೌದಿ: 63 ಚೌಕಗಳ ಲೆಕ್ಕ

ಹೊಸ ಬಟ್ಟೆ ಹಾಳಾದರೆ ಇನ್ನೊಂದು ಮೀಟರ್ ತರಬಹುದು. ಅಪ್ಪನ ಶರ್ಟು, ಅಜ್ಜಿಯ ಸೀರೆ, ಮಗುವಿನ ಮೊದಲ ಅಂಗಿಯನ್ನು ತಪ್ಪಾಗಿ ಕತ್ತರಿಸಿದರೆ ಮತ್ತೆ ಸಿಗುವುದಿಲ್ಲ. ಅದರ ಮೇಲೆ ಹಳೇ ಬಟ್ಟೆ ಎಲ್ಲ ಕಡೆ ಒಂದೇ ಥರ ಇರುವುದೂ ಇಲ್ಲ. ಒಂದೇ ಶರ್ಟಿನ ಬೆನ್ನು ಗಟ್ಟಿ ಇದ್ದರೆ ಮೊಣಕೈ ಸವೆದಿರುತ್ತದೆ. ಹಾಗಾಗಿ ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆಯಲ್ಲಿ, ಅಂದರೆ ಕೌದಿಯಲ್ಲಿ, ಅರ್ಧ ಶ್ರಮ ಕತ್ತರಿ ಹಿಡಿಯುವ ಮೊದಲೇ ಹಾಕಬೇಕಾದದ್ದು. ಬಗೆಬಗೆಯ ಬಟ್ಟೆಗಳನ್ನು ಮೊದಲು ಒಂದೇ ಹದಕ್ಕೆ ತಂದುಕೊಂಡರೆ ಹೊಲಿಗೆ ಸಲೀಸಾಗಿ ಸಾಗುತ್ತದೆ. ಹದಕ್ಕೆ ತಾರದೆ ಹೊಲಿಯಲು ಕೂತರೆ ಪ್ರತಿ ಸಾಲಿನಲ್ಲೂ ಎಳೆದಾಟ.

ಅಳತೆ ಮತ್ತು ಸಾಮಾನು

ಒಬ್ಬರು ಆರಾಮಾಗಿ ಹೊದೆಯುವಷ್ಟು ದೊಡ್ಡ ಕೌದಿ ಇದು. ಅಡ್ಡಕ್ಕೆ 7, ಉದ್ದಕ್ಕೆ 9, ಒಟ್ಟು 63 ಚೌಕ. ಒಂದೊಂದನ್ನೂ 9 ಇಂಚಿಗೆ ಕತ್ತರಿಸಿ, ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಬಿಟ್ಟರೆ 8 ಇಂಚು ಕಾಣುತ್ತದೆ. ಹೊರ ಅಂಚಿನ ಅರ್ಧ ಇಂಚೂ ಸೇರಿ ಮೇಲ್ಪದರ 57ಕ್ಕೆ 73 ಇಂಚು ಬರುತ್ತದೆ. ಹೊಸ ಬಟ್ಟೆಯ ಕೌದಿಗೆ ಕಾಲು ಇಂಚು ಬಿಡುವುದು ರೂಢಿ. ಹಳೇ ಬಟ್ಟೆಗೆ ಅದು ಸಾಲದು. ನೇಯ್ಗೆ ಸಡಿಲವಾಗಿರುವ ಕಡೆ ಎಳೆ ಬಿಚ್ಚಿಕೊಂಡು ಹೊಲಿಗೆಯ ಗೆರೆಯವರೆಗೂ ಬಂದುಬಿಡುತ್ತದೆ. ಅರ್ಧ ಇಂಚು ಬಿಟ್ಟರೆ ಸ್ವಲ್ಪ ಬಟ್ಟೆ ಹೆಚ್ಚು ಹೋಗುತ್ತದೆ, ಹೋಗಲಿ.

ದೊಡ್ಡವರ ತುಂಬುತೋಳಿನ ಶರ್ಟಿನಲ್ಲಿ ಬೆನ್ನಿನಿಂದ 6, ಮುಂಭಾಗ ಮತ್ತು ತೋಳುಗಳಿಂದ ಇನ್ನು ನಾಲ್ಕಾರು ಚೌಕ ಸಿಗಬಹುದು. ಸವೆದ ಜಾಗ ಬಿಟ್ಟು 8 ಎಂದು ಹಿಡಿಯುವುದು ಸುರಕ್ಷಿತ. ಇಲ್ಲಿಯ ಹಂಚಿಕೆ ಹೀಗಿದೆ: 4 ಶರ್ಟಿನಿಂದ 32, ಒಂದು ಹತ್ತಿ ಸೀರೆಯಿಂದ 12, 3 ಟೀ ಶರ್ಟಿನಿಂದ 6, ಒಂದು ಕುರ್ತಾದಿಂದ 6, ಮಕ್ಕಳ ಬಟ್ಟೆಗಳಿಂದ 7.

ಹಿಂಪದರಕ್ಕೆ ಐದೂವರೆ ಮೀಟರಿನ ಇನ್ನೊಂದು ಮೆತ್ತನೆ ಹತ್ತಿ ಸೀರೆ, ನಡುವೆ ಒಂದು ತೆಳು ಹತ್ತಿ ಕಂಬಳಿ, ಇಸ್ತ್ರಿ ಶಾಖಕ್ಕೆ ಅಂಟುವ ತೆಳು ಫ್ಯೂಸಿಂಗ್ ಬಟ್ಟೆ 36 ಇಂಚು ಪನ್ನದ್ದು (ಅಗಲದ್ದು) ಎರಡೂವರೆ ಮೀಟರ್. ದಾರದಲ್ಲಿ ಎರಡು ಬಗೆ ಬೇಕು: ಯಂತ್ರಕ್ಕೆ ಮಾಮೂಲಿ ದಾರ, ಕೈಹೊಲಿಗೆಗೆ ಅದಕ್ಕಿಂತ ದಪ್ಪನೆಯ ಹತ್ತಿ ದಾರ. ಯಂತ್ರದ ಸೂಜಿ ಶರ್ಟಿನ ಬಟ್ಟೆಗೆ 80ರ ನಂಬರು, ಫ್ಯೂಸಿಂಗ್ ಹಾಕಿದ ತುಂಡುಗಳಿಗೆ 90. ಟೀ ಶರ್ಟಿನ ಹೆಣಿಗೆ ಬಟ್ಟೆಗೆ ಮೊನೆ ದುಂಡಾಗಿರುವ ಬಾಲ್ ಪಾಯಿಂಟ್ ಸೂಜಿಯೇ ಆಗಬೇಕು. ಚೂಪು ಮೊನೆ ಹೆಣಿಗೆಯ ಕುಣಿಕೆಯನ್ನು ಕತ್ತರಿಸಿಬಿಡುತ್ತದೆ. ಆ ತೂತು ಹೊಲಿದ ದಿನ ಕಾಣುವುದಿಲ್ಲ, ನಾಲ್ಕು ಒಗೆತದ ಮೇಲೆ ಬಾಯಿ ಬಿಡುತ್ತದೆ.

ಜೀನ್ಸ್ ಸೇರಿಸಲೇಬೇಕು ಅನ್ನುವವರು ಇಡೀ ಕೌದಿಯನ್ನೇ ಜೀನ್ಸಿನಲ್ಲಿ ಮಾಡುವುದು ಒಳ್ಳೆಯದು. ಮೃದುವಾದ ಶರ್ಟಿನ ಚೌಕದ ಪಕ್ಕ ಜೀನ್ಸ್ ಬಂದರೆ ಆ ಭಾರ ಶರ್ಟನ್ನು ಎಳೆದು ಎಳೆದು ಹೊಲಿಗೆಯ ಪಕ್ಕದಲ್ಲೇ ಹರಿಯುವಂತೆ ಮಾಡುತ್ತದೆ.

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು

ಮೊದಲು ಎಲ್ಲವನ್ನೂ ಒಗೆಯಬೇಕು. ತೊಟ್ಟವರ ವಾಸನೆ ಹೋಗುತ್ತದೆಂದು ಒಗೆಯದೆ ಇಡುವವರಿದ್ದಾರೆ. ಆ ಆಸೆ ಅರ್ಥವಾಗುವಂಥದ್ದೇ. ಆದರೆ ಬೆವರು, ಎಣ್ಣೆ ಜಿಡ್ಡು ಉಳಿದ ಜಾಗ ಮುಂದೆ ಹಳದಿಯಾಗಿ ಎಳೆ ಪೊಳ್ಳಾಗುತ್ತದೆ, ಹುಳುವೂ ಹಿಡಿಯುತ್ತದೆ. ವಾಸನೆ ಬೇಕಿದ್ದರೆ ಒಂದು ಕರ್ಚೀಫನ್ನು ಬೇರೆ ಎತ್ತಿಡಿ. ಒಗೆಯುವಾಗ ಬಟ್ಟೆ ಮೆದುಮಾಡುವ ದ್ರವ ಹಾಕಬಾರದು. ಅದರ ಲೇಪ ಉಳಿದರೆ ಫ್ಯೂಸಿಂಗ್ ಸರಿಯಾಗಿ ಅಂಟುವುದಿಲ್ಲ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಕೆಂಪು, ಕಡುನೀಲಿ, ಕಪ್ಪು ಇವುಗಳ ಮೇಲೆ ಅನುಮಾನ ಇರಲಿ. ಬಿಳಿಗೆ ಕಲೆ ಹತ್ತಿದರೆ ಆ ಬಟ್ಟೆಯನ್ನು ಬೇರೆಯಾಗಿ ಇನ್ನೂ ಎರಡು ಮೂರು ಸಲ ಒಗೆದು ಮತ್ತೆ ನೋಡಿ. ಆಮೇಲೂ ಬಿಡುತ್ತಿದ್ದರೆ ಅದನ್ನು ತಿಳಿಬಣ್ಣದ ಚೌಕಗಳ ಜೊತೆ ಸೇರಿಸದೆ ಇರುವುದೇ ಕ್ಷೇಮ.

ಇನ್ನು ಬಲದ ಪರೀಕ್ಷೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರೆ ಸವೆದ ಜಾಗ ತಾನೇ ಹೇಳುತ್ತದೆ. ಶರ್ಟಿನಲ್ಲಿ ಕಾಲರಿನ ಮಡಿಕೆ, ಮೊಣಕೈ, ಕಂಕುಳ ಸುತ್ತ, ಜೇಬಿನ ಕೆಳಮೂಲೆ. ಸೀರೆಯಲ್ಲಿ ನೆರಿಗೆ ಸಿಕ್ಕಿಸಿ ಸಿಕ್ಕಿಸಿ ಸವೆದ ಸೊಂಟದ ಭಾಗ, ಫಾಲ್ ಹೊಲಿದ ಗೆರೆ, ವರ್ಷಗಟ್ಟಲೆ ಒಂದೇ ಥರ ಮಡಿಸಿಟ್ಟ ಗೀಟುಗಳು. ಅಲ್ಲಿ ಬಟ್ಟೆಯನ್ನು ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಹಿಗ್ಗಿಸಿ. ಹಾಸೂ ಹೊಕ್ಕೂ (ಉದ್ದದ ಎಳೆ, ಅಡ್ಡದ ಎಳೆ) ಬಿಗಿಯಾಗಿ ನಿಂತರೆ ಹಾಗೆಯೇ ಬಳಸಬಹುದು. ಎಳೆಗಳ ನಡುವೆ ಸಣ್ಣ ಕಿಂಡಿ ಕಂಡು, ಕೈ ಬಿಟ್ಟ ಮೇಲೂ ಅದು ಮುಚ್ಚದಿದ್ದರೆ ಹಿಂದೆ ಫ್ಯೂಸಿಂಗಿನ ಆಸರೆ ಬೇಕು. ಚಿರ್ ಎಂದು ಸದ್ದು ಬಂದರೆ ಆ ಭಾಗ ಬಿಟ್ಟುಬಿಡಿ.

ರೇಷ್ಮೆಯದು ಬೇರೆಯೇ ಪಾಡು. ಹಳೇ ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ, ಒಮ್ಮೆ ಸೀಳಲು ಶುರುವಾದರೆ ನಿಲ್ಲುವುದಿಲ್ಲ. ಜರಿ ಅಂಚಿಗೆ ಬಿಸಿ ಇಸ್ತ್ರಿ ತಾಗಿದರೆ ಬಣ್ಣ ಮಂಕಾಗುತ್ತದೆ, ಹೊದೆಯುವಾಗ ಮೈಗೆ ಕೆರೆಯುತ್ತದೆ. ಮೊದಲ ಕೌದಿಗೆ ರೇಷ್ಮೆ ಬೇಡ. ಬೇಕೇ ಬೇಕು ಅಂದರೆ ಚಿಕ್ಕ ತುಂಡನ್ನು ಗಟ್ಟಿ ಹತ್ತಿ ಚೌಕದ ಮೇಲೆ ಕೈಯಿಂದ ತೇಪೆಯಂತೆ ಕೂರಿಸಿ.

ಹದಕ್ಕೆ ತರುವುದು

ಈ ಕೌದಿಯಲ್ಲಿ ಆಸರೆ ಬೇಕಾದ ಚೌಕಗಳು 26: ಟೀ ಶರ್ಟಿನ 6, ಸೀರೆಯ 12, ಸವೆದ ಶರ್ಟುಗಳ 8. ಒಂದಕ್ಕೆ 10 ಇಂಚಿನ ಫ್ಯೂಸಿಂಗ್ ಚೌಕ ಬೇಕು. 36 ಇಂಚು ಪನ್ನದಲ್ಲಿ ಸಾಲಿಗೆ 3 ಬರುತ್ತವೆ, 9 ಸಾಲಿಗೆ 90 ಇಂಚು ಹಿಡಿಯುತ್ತದೆ. ಎರಡೂವರೆ ಮೀಟರ್ ಅಂದದ್ದು ಈ ಲೆಕ್ಕದ ಮೇಲೆ. ಉಳಿದ ಚೂರು ಪ್ರಯೋಗಕ್ಕೆ.

ಕ್ರಮ ತಪ್ಪಬಾರದು: ಮೊದಲು ಬಟ್ಟೆಯನ್ನು 10 ಇಂಚಿಗಿಂತ ದೊಡ್ಡದಾಗಿ ಒರಟಾಗಿ ಕತ್ತರಿಸಿ, ಅಂಟಿಸಿ, ಪೂರ್ತಿ ತಣ್ಣಗಾದ ಮೇಲೆ 9 ಇಂಚಿಗೆ ಸರಿಮಾಡಬೇಕು. ಮೊದಲೇ 9ಕ್ಕೆ ಕತ್ತರಿಸಿ ಆಮೇಲೆ ಅಂಟಿಸಿದರೆ ಬಿಸಿಗೆ ಬಟ್ಟೆ ಸೇದಿಕೊಂಡು ಎಂಟು ಮುಕ್ಕಾಲೋ ಎಂಟೂವರೆಯೋ ಆಗಿ ಕೂರುತ್ತದೆ. ಟೀ ಶರ್ಟನ್ನು ಹಾಸುವಾಗ ಎಳೆಯಬೇಡಿ, ಎಳೆದ ಹಾಗೆಯೇ ಅಂಟಿಕೊಂಡರೆ ಚಿತ್ರ ಸೊಟ್ಟಗಾಗುತ್ತದೆ. ಇಸ್ತ್ರಿಯನ್ನು ಉಜ್ಜದೆ, ಒಂದು ಕಡೆ ಒತ್ತಿ 10ರಿಂದ 15 ಸೆಕೆಂಡ್ ಹಿಡಿದು, ಎತ್ತಿ, ಪಕ್ಕಕ್ಕೆ ಇಡಬೇಕು. ಉಜ್ಜಿದರೆ ಅಂಟು ಜಾರಿ ಗುಳ್ಳೆ ಏಳುತ್ತದೆ. ಎದೆಯ ಮೇಲಿನ ರಬ್ಬರ್ ಪ್ರಿಂಟ್‌ಗೆ ಇಸ್ತ್ರಿ ನೇರ ತಾಗಲೇಬಾರದು, ಕರಗಿ ಇಸ್ತ್ರಿಗೇ ಮೆತ್ತಿಕೊಳ್ಳುತ್ತದೆ. ಹಿಂಬದಿಯಿಂದ ಒತ್ತಿ, ಕೆಳಗೆ ಒಂದು ಹಳೇ ಬಟ್ಟೆ ಹಾಸಿರಿ.

ಹಿಂಪದರದ ಸೀರೆಯ ಮೆತ್ತನೆ ಹತ್ತಿ ಕತ್ತರಿಯ ಕೆಳಗೆ ನೀರಿನಂತೆ ಓಡುತ್ತದೆ. ಗಂಜಿ ಹಾಕಿ, ಇನ್ನೂ ಪಸೆ ಇರುವಾಗಲೇ ಇಸ್ತ್ರಿ ಮಾಡಿದರೆ ಕಾಗದದ ಹಾಗೆ ನಿಲ್ಲುತ್ತದೆ. ಫ್ಯೂಸಿಂಗ್ ಹಾಕುವ ಚೌಕಗಳಿಗೆ ಗಂಜಿ ಬೇಡ, ಎರಡರಲ್ಲಿ ಒಂದು ಸಾಕು. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಹಾಗೇ ಇಡಬೇಡಿ, ಜಿರಲೆಗೂ ಹುಳಕ್ಕೂ ಅದು ಇಷ್ಟ.

ಕತ್ತರಿಸುವುದು

ಗಟ್ಟಿ ರಟ್ಟಿನಲ್ಲಿ 9 ಇಂಚಿನ ಚೌಕ ಮಾಡಿ, ಅದರ ಒಳಗೆ 8 ಇಂಚಿನ ಕಿಟಕಿ ಕತ್ತರಿಸಿ ತೆಗೆಯಿರಿ. ಇಡೀ ಕೆಲಸದಲ್ಲಿ ಇಷ್ಟು ಉಪಯೋಗದ ಸಾಧನ ಇನ್ನೊಂದಿಲ್ಲ. ಹೊಲಿದ ಮೇಲೆ ಏನು ಕಾಣುತ್ತದೋ ಅಷ್ಟೇ ಆ ಕಿಟಕಿಯಲ್ಲಿ ಕಾಣುತ್ತದೆ. ಶರ್ಟಿನ ಮೇಲೆ ಇದನ್ನು ಸರಿಸುತ್ತಾ ಹೋದರೆ ಜೇಬು ಎಲ್ಲಿ ಬರಬೇಕು, ಕಸೂತಿಯ ಹೆಸರು ಪೂರ್ತಿ ಒಳಗಿದೆಯೇ, ತೇಪೆ ಹಾಕಿದ ಜಾಗ ನಡುವೆ ಕೂರುತ್ತದೆಯೇ ಎಲ್ಲ ಮೊದಲೇ ತಿಳಿಯುತ್ತದೆ. ತೇಪೆ, ಶಾಯಿಯ ಕಲೆ, ಮಣಿಕಟ್ಟಿನ ಸವೆತ ಇಂಥವನ್ನು ಮುಚ್ಚಬೇಡಿ. ಅಂಗಡಿಯಲ್ಲಿ ನೇತುಹಾಕಿದ್ದ ಶರ್ಟು ಇವರ ಶರ್ಟಾದದ್ದು ಆ ಗುರುತುಗಳಿಂದಲೇ. ಹಿಂದೆ ಆಸರೆ ಕೊಟ್ಟು ಉಳಿಸಿಕೊಳ್ಳಿ.

ರಟ್ಟಿನ ಒಂದು ಅಂಚು ಬಟ್ಟೆಯ ಹಾಸೆಳೆಗೆ ಸಮವಾಗಿರಬೇಕು. ಗೆರೆ ಶರ್ಟಿನಲ್ಲಿ ಗೆರೆಯೇ ದಾರಿ ತೋರಿಸುತ್ತದೆ. ಸಾದಾ ಬಟ್ಟೆಯಲ್ಲಿ ಒಂದು ಎಳೆ ಹಿರಿದು ನೋಡಿ. ಓರೆಯಾಗಿ ಕತ್ತರಿಸಿದ ಚೌಕ ರಬ್ಬರಿನಂತೆ ಹಿಗ್ಗುತ್ತದೆ, ಪಕ್ಕದ ನೆಟ್ಟಗಿನ ಚೌಕದ ಜೊತೆ ಎಂದೂ ಹೊಂದುವುದಿಲ್ಲ.

ಹಳೇ ಹೊಲಿಗೆಯನ್ನು ಕೂತು ಬಿಚ್ಚುವ ಅಗತ್ಯ ಹೆಚ್ಚಿನ ಕಡೆ ಇಲ್ಲ, ಅದರ ಪಕ್ಕದಲ್ಲೇ ಕತ್ತರಿಸಿ. ಜೇಬು ಬರುವ ಚೌಕದಲ್ಲಿ ಜೇಬಿನ ಅಂಚಿಗೂ ಹೊಲಿಗೆ ಗೆರೆಗೂ ನಡುವೆ ಒಂದಿಂಚಾದರೂ ಇರಲಿ. ಗುಂಡಿಪಟ್ಟಿ ಬೇಕಿದ್ದರೆ ಗುಂಡಿ ಹಾಕಿ, ಪಟ್ಟಿಯ ಅಂಚನ್ನು ಮೇಲಿನಿಂದ ಕೆಳಗೆ ಹೊಲಿದು ಮುಚ್ಚಿ, ಆಮೇಲೆ ಚೌಕ ಕತ್ತರಿಸಿ. ಗುಂಡಿ ಹೊಲಿಗೆ ಗೆರೆಗೆ ಹತ್ತಿರ ಬಂದರೆ ಯಂತ್ರದ ಪಾದ ಅದರ ಮೇಲೆ ಹತ್ತಿ ಸೂಜಿ ಮುರಿಯುತ್ತದೆ. ಕೌದಿ ಕೂಸಿಗಾದರೆ ಗುಂಡಿ, ಮಣಿ, ಹುಕ್ಕು ಎಲ್ಲವನ್ನೂ ತೆಗೆಯಲೇಬೇಕು, ಬಾಯಿಗೆ ಹೋಗುತ್ತವೆ.

ಮಕ್ಕಳ ಅಂಗಿಯಲ್ಲಿ 9 ಇಂಚು ಸಿಗುವುದೇ ಕಷ್ಟ. ಎರಡು ದಾರಿಗಳಿವೆ: ಸಿಕ್ಕಷ್ಟು ತುಂಡಿಗೆ ಸುತ್ತಲೂ ಸಾದಾ ಬಟ್ಟೆಯ ಪಟ್ಟಿ ಹೊಲಿದು 9ಕ್ಕೆ ಬೆಳೆಸುವುದು, ಇಲ್ಲವೇ ಚಿಕ್ಕ ಅಂಗಿಯ ಮುಂಭಾಗವನ್ನು ಕತ್ತು ತೋಳು ಸಮೇತ ಅಂಗಿಯಾಗಿಯೇ ಕಾಣುವಂತೆ ಸಾದಾ ಚೌಕದ ಮೇಲೆ ಕೂರಿಸುವುದು. ಎರಡನೆಯದಕ್ಕೆ ಅಂಚನ್ನು ಕಾಲು ಇಂಚು ಒಳಮಡಿಸಿ ಕೈಯಿಂದ ಹೆಮ್ಮಿಂಗ್ ಮಾಡಬೇಕು. ನೋಡಲು ಎರಡನೆಯದೇ ಚೆಂದ.

ಜೋಡಣೆ

63 ಚೌಕಗಳನ್ನೂ ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಕಡುಬಣ್ಣವೆಲ್ಲ ಒಂದೇ ಮೂಲೆಗೆ ಸೇರಿದ್ದರೆ ಆಗ ಥಟ್ಟನೆ ಕಾಣುತ್ತದೆ. ಟೀ ಶರ್ಟಿನ ಚೌಕಗಳು ಹೊರ ಅಂಚಿಗೆ ಬಾರದಿರಲಿ, ಹಿಗ್ಗಿ ಅಂಚು ಅಲೆಅಲೆಯಾಗುತ್ತದೆ. ತೀರಾ ಸವೆದದ್ದನ್ನೂ ಅಂಚಿನಿಂದ ದೂರ ಇಡಿ, ಹೊದೆದವರ ಕೈ ಸದಾ ಎಳೆಯುವುದು ಅಂಚನ್ನೇ. ಒಪ್ಪಿಗೆಯಾದ ಮೇಲೆ ಪ್ರತಿ ಸಾಲಿನ ಎಡಗಡೆ ಚೌಕಕ್ಕೆ ಸಾಲಿನ ನಂಬರಿನ ಚೀಟಿ ಚುಚ್ಚಿ. ಯಾವ ಚೌಕ ಯಾರ ಬಟ್ಟೆಯದೆಂದು ಒಂದು ಹಾಳೆಯಲ್ಲಿ 7ಕ್ಕೆ 9 ಮನೆ ಎಳೆದು ಈಗಲೇ ಬರೆದಿಡಿ.

ಹೊಲಿಗೆ

ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಸರಿಯಾಗಿ ಅರ್ಧ ಇಂಚು ದೂರಕ್ಕೆ ಒಂದು ಪಟ್ಟಿ ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದನ್ನು ತಾಗಿಕೊಂಡೇ ಹೋಗಲಿ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್. ಮೊದಲು ಬೇಡದ ಬಟ್ಟೆಯಲ್ಲಿ ಮೂರು ಚೌಕ ಜೋಡಿಸಿ ನಡುವಿನದನ್ನು ಅಳೆಯಿರಿ, 8 ಇಂಚು ಇರಬೇಕು. ಒಂದು ನೂಲು ಹೆಚ್ಚುಕಮ್ಮಿಯಾದರೆ ಏನು ಮಹಾ ಅನ್ನಿಸಬಹುದು. ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೊಲಿದರೆ ಒಂದೊಂದು ಸೇರಿಕೆಯಲ್ಲಿ ಎರಡೂ ಕಡೆಯಿಂದ ಎಂಟನೇ ಒಂದು ಇಂಚು ಹೋಗುತ್ತದೆ. ಸಾಲಿನಲ್ಲಿ 6 ಸೇರಿಕೆ, ಅಲ್ಲಿಗೆ ಮುಕ್ಕಾಲು ಇಂಚು ಮಾಯ. ಎಲ್ಲ ಸಾಲೂ ಒಂದೇ ಸಮ ಕುಗ್ಗಿದರೆ ಕೌದಿ ಚಿಕ್ಕದಾಗುತ್ತದೆ, ಅಷ್ಟೇ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಮೂಲೆಗಳು ಕೂಡುವುದಿಲ್ಲ.

ಎರಡೆರಡು ಚೌಕಗಳನ್ನು ಹೊಲಿಯುತ್ತಾ ದಾರ ಕತ್ತರಿಸದೆ ಮುಂದಿನ ಜೋಡಿಯನ್ನು ಕೊಡುತ್ತಾ ಹೋದರೆ ಸಮಯವೂ ದಾರವೂ ಉಳಿಯುತ್ತದೆ. ಬಿಗಿ ಬಟ್ಟೆಯೂ ಹಿಗ್ಗುವ ಬಟ್ಟೆಯೂ ಜೊತೆಯಾದಾಗ ಹಿಗ್ಗುವುದನ್ನು ಕೆಳಗೆ ಇಡಿ. ಯಂತ್ರದ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಬೇಗ ಎಳೆದುಕೊಳ್ಳುವುದರಿಂದ ಹೆಚ್ಚುವರಿ ತಾನೇ ಅಡಗುತ್ತದೆ. ಮೇಲಿಟ್ಟರೆ ಕೊನೆಯಲ್ಲಿ ಒಂದು ಮಡಿಕೆ ಗ್ಯಾರಂಟಿ.

ಸಾಲು ಮುಗಿದ ಮೇಲೆ ಒಳಗಿನ ಅಂಚುಗಳನ್ನು 1, 3, 5ನೇ ಸಾಲುಗಳಲ್ಲಿ ಬಲಕ್ಕೆ, 2, 4, 6ರಲ್ಲಿ ಎಡಕ್ಕೆ, ಹೀಗೆ ಸರದಿಯಂತೆ ಇಸ್ತ್ರಿ ಮಾಡಿ. ಎರಡು ಸಾಲು ಎದುರುಬದುರು ಇಟ್ಟಾಗ ಸೇರಿಕೆಯ ಉಬ್ಬುಗಳು ಒಂದಕ್ಕೊಂದು ಆತುಕೊಳ್ಳುತ್ತವೆ. ಬೆರಳಾಡಿಸಿದರೆ ತಗ್ಗು ದಿಣ್ಣೆ ಇರಬಾರದು. ಆಗ ಗುಂಡುಪಿನ್ನು ಚುಚ್ಚಿ. ಜೇಬು, ಗುಂಡಿಪಟ್ಟಿಯಂಥ ದಪ್ಪ ಸೇರಿಕೆಯಲ್ಲಿ ಮಾತ್ರ ಅಂಚುಗಳನ್ನು ಎರಡೂ ಕಡೆ ಬಿಡಿಸಿ ಒತ್ತಿ. ಸಾಲುಗಳನ್ನು ಒಂದಕ್ಕೊಂದು ಸೇರಿಸುವ 8 ಉದ್ದ ಹೊಲಿಗೆಗಳಲ್ಲಿ ಒಂದನ್ನು ಎಡದಿಂದ, ಮುಂದಿನದನ್ನು ಬಲದಿಂದ ಶುರುಮಾಡಿ. ಎಲ್ಲವನ್ನೂ ಒಂದೇ ಕಡೆಯಿಂದ ಹೊಲಿದರೆ ಇಡೀ ಮೇಲ್ಪದರ ಬಿಲ್ಲಿನಂತೆ ಬಾಗುತ್ತದೆ. ಕೊನೆಗೆ ಸುತ್ತಲೂ ಅಂಚಿನಿಂದ ಕಾಲು ಇಂಚು ಒಳಗೆ ಒಂದು ಹೊಲಿಗೆ ಹಾಕಿದರೆ ಮುಂದಿನ ಓಡಾಟದಲ್ಲಿ ಸೇರಿಕೆ ಬಾಯಿಬಿಡುವುದಿಲ್ಲ.

ಮೂರು ಪದರ

ಹಿಂಪದರ ಪ್ರತಿ ಕಡೆ 4 ಇಂಚು ಹೆಚ್ಚಿರಬೇಕು: 65ಕ್ಕೆ 81. ಸೀರೆಯ ಉದ್ದ ಸುಮಾರು 216 ಇಂಚು. ಸೆರಗು ಬಿಟ್ಟು 81 ಇಂಚಿನ ಎರಡು ತುಂಡು ತೆಗೆಯಿರಿ. ಬಿಗಿ ನೇಯ್ಗೆಯ ಅಂಚನ್ನು ಎರಡೂ ಬದಿಯಲ್ಲಿ ಕತ್ತರಿಸಿ, ಇಲ್ಲದಿದ್ದರೆ ಒಗೆದ ಮೇಲೆ ಅಂಚು ಬೇರೆ, ಒಡಲು ಬೇರೆ ಕುಗ್ಗಿ ಸುಕ್ಕು ಬರುತ್ತದೆ. 43 ಇಂಚು ಅಗಲ ಉಳಿಯಿತೆಂದು ಹಿಡಿಯೋಣ. ಒಂದು ತುಂಡು ಪೂರ್ತಿ 43, ಇನ್ನೊಂದರಲ್ಲಿ 23, ಎರಡನ್ನೂ ಅರ್ಧ ಇಂಚು ಬಿಟ್ಟು ಸೇರಿಸಿದರೆ 65. ಉಳಿದ 20 ಇಂಚು ಅಗಲದ ಉದ್ದ ಪಟ್ಟಿಯನ್ನು ಎತ್ತಿಡಿ, ಅಂಚಿಗೆ ಬೇಕು.

ಹಿಂಪದರವನ್ನು ನೆಲದ ಮೇಲೆ ಒಳಮೈ ಮೇಲೆ ಬರುವಂತೆ ಹಾಸಿ ಸುತ್ತಲೂ ಟೇಪ್ ಅಂಟಿಸಿ. ಸುಕ್ಕು ಇರಬಾರದು, ಡೊಳ್ಳಿನಂತೆ ಬಿಗಿಯೂ ಆಗಬಾರದು. ಬಿಗಿದು ಹಾಸಿದ್ದು ಟೇಪ್ ಬಿಚ್ಚಿದ ಕೂಡಲೇ ಸೇದಿಕೊಂಡು ಮೇಲಿನ ಪದರವನ್ನು ಮುದುರಿಸುತ್ತದೆ. ಮೇಲೆ 61ಕ್ಕೆ 77ರ ಕಂಬಳಿ, ಅದರ ಮೇಲೆ ಚೌಕಗಳ ಪದರ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಬನ್ನಿ. ಕಂಬಳಿಯನ್ನೂ ಮೊದಲೇ ಒಗೆದು ಕುಗ್ಗಿಸಿರಬೇಕು.

ಪದರಗಳು ಜರುಗದಂತೆ ತಾತ್ಕಾಲಿಕವಾಗಿ ಹಾಕಿ ಆಮೇಲೆ ಕೀಳುವ ಕಚ್ಚಾ ಹೊಲಿಗೆಗೆ ಪಿನ್ನಿಗಿಂತ ದಾರ ಮೇಲು. ಪಿನ್ನು ಹಳೇ ಬಟ್ಟೆಯಲ್ಲಿ ತೂತು ಉಳಿಸುತ್ತದೆ. ಬಿಳಿ ದಾರದಲ್ಲಿ ಎರಡೆರಡು ಇಂಚಿನ ಉದ್ದ ಹೊಲಿಗೆ, ಸಾಲಿನಿಂದ ಸಾಲಿಗೆ 5 ಇಂಚು ದೂರ, ಅಡ್ಡಕ್ಕೂ ಉದ್ದಕ್ಕೂ. ಮೊದಲ ಸಾಲು ನಡುವಿನಲ್ಲೇ ಬರಲಿ. ಬಣ್ಣದ ದಾರ ಬೇಡ, ಕಿತ್ತ ಮೇಲೆ ಅದರ ಜುಂಗು ಬಿಳಿ ಬಟ್ಟೆಯಲ್ಲಿ ಸಿಕ್ಕಿ ಉಳಿಯುತ್ತದೆ.

ಕೈಹೊಲಿಗೆ

ಸೇರಿಕೆಯ ಗೆರೆಯಿಂದ ಮುಕ್ಕಾಲು ಇಂಚು ಒಳಗೆ, ಪ್ರತಿ ಚೌಕದೊಳಗೂ ಒಂದು ಚೌಕ. ಕಾಲು ಇಂಚಿಗೆ ಹಾಕಿದರೆ ಒಳಗಿರುವ ಹೊಲಿಗೆ ಅಂಚಿನ ಮೇಲೆಯೇ ಸೂಜಿ ಹೋಗುತ್ತದೆ, ಐದಾರು ಪದರ ಚುಚ್ಚಿ ಬೆರಳು ನೋಯುತ್ತದೆ. ಮುಕ್ಕಾಲು ಇಂಚಿಗೆ ಬಂದರೆ ಆ ದಪ್ಪ ದಾಟಿರುತ್ತದೆ. ಒಳಚೌಕದ ಒಂದು ಬದಿ ಆರೂವರೆ ಇಂಚು, ಸುತ್ತಳತೆ 26. 63 ಚೌಕಕ್ಕೆ 1638 ಇಂಚು, ಹತ್ತಿರ ಹತ್ತಿರ 42 ಮೀಟರ್ ಹೊಲಿಗೆ. ಮೇಲೆ ಕೆಳಗೆ ಓಡುವುದು, ಗಂಟು, ಕೊನೆಯ ತುಂಡು ಎಲ್ಲ ಸೇರಿ ಅದರ ಎರಡರಷ್ಟು ದಾರ ಇಟ್ಟುಕೊಳ್ಳಿ. ಹೊಸ ಕೈಗೆ ಒಂದು ಚೌಕಕ್ಕೆ ಅರ್ಧ ಗಂಟೆ ಹಿಡಿಯಬಹುದು, ಒಟ್ಟು ಮೂವತ್ತು ಗಂಟೆಯ ಮೇಲೆ. ಅವಸರಪಡಬೇಡಿ.

ದಾರ ಒಂದು ಮೊಳ ಸಾಕು. ಅದಕ್ಕಿಂತ ಉದ್ದವಾದರೆ ತಿರುಚಿ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಹಾದು ಹಾದು ಸವೆಯುತ್ತದೆ. ತುದಿಗೆ ಚಿಕ್ಕ ಗಂಟು ಹಾಕಿ, ಶುರುಮಾಡುವ ಜಾಗದಿಂದ ಒಂದಿಂಚು ದೂರದಲ್ಲಿ ಸೂಜಿಯನ್ನು ಮೇಲ್ಪದರಕ್ಕೆ ಇಳಿಸಿ, ಶುರುವಿನ ಜಾಗದಲ್ಲಿ ಎತ್ತಿ ಮೆಲ್ಲಗೆ ಜಗ್ಗಿ. ಟಪ್ ಎಂದು ಗಂಟು ಒಳಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇಂಚಿಗೆ 4 ಹೊಲಿಗೆ ಬಂದರೆ ಚೆನ್ನಾಗಿಯೇ ಆಯಿತು. ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ಮೇಲಿನಿಂದ ಒತ್ತುವ ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ, ಕೆಳಗಿನ ಕೈಯ ತೋರುಬೆರಳು ಸೂಜಿಯ ಮೊನೆ ತಾಗಿದ್ದನ್ನು ತಿಳಿದು ತಕ್ಷಣ ಮೇಲಕ್ಕೆ ತಳ್ಳಲಿ. ನಾಲ್ಕೈದು ಹೊಲಿಗೆಗೊಮ್ಮೆ ಕೌದಿ ಮಗುಚಿ ನೋಡಿ, ಹಿಂಪದರ ಸೂಜಿಗೆ ಸಿಗದೆ ತಪ್ಪುವುದು ಎಲ್ಲರಿಗೂ ಮೊದಲು ಆಗುವ ತಪ್ಪು. ನಡುವಿನ ಚೌಕದಿಂದ ಶುರುಮಾಡಿ ಹೊರಕ್ಕೆ ಬನ್ನಿ. ದಾರವನ್ನು ಬಿಗಿದು ಜಗ್ಗಬೇಡಿ, ಬಟ್ಟೆ ಸ್ವಲ್ಪ ಕುಳಿ ಬಿದ್ದರೆ ಸಾಕು.

ಅಂಚುಪಟ್ಟಿ

ಹೆಚ್ಚಾದ ಕಂಬಳಿ, ಹಿಂಪದರ ಎರಡನ್ನೂ ಮೇಲ್ಪದರದ ಸಮಕ್ಕೆ ಕತ್ತರಿಸಿ. ಸುತ್ತಳತೆ 260 ಇಂಚು, ಮೂಲೆ ಮತ್ತು ಸೇರಿಕೆಗೆ 15 ಸೇರಿಸಿ 275. ಎತ್ತಿಟ್ಟ ಸೀರೆ ಪಟ್ಟಿಯಲ್ಲಿ ಮೂರೂವರೆ ಇಂಚು ಅಗಲ, 81 ಉದ್ದದ 4 ಪಟ್ಟಿ ತೆಗೆದು, ತುದಿಗಳನ್ನು ಓರೆಯಾಗಿ ಸೇರಿಸಿದರೆ 310ರ ಆಸುಪಾಸು ಬರುತ್ತದೆ. ಉದ್ದಕ್ಕೆ ಎರಡಾಗಿ ಮಡಿಸಿ ಇಸ್ತ್ರಿ ಮಾಡಿ, ಕಚ್ಚಾ ಅಂಚುಗಳನ್ನು ಕೌದಿಯ ಅಂಚಿಗೆ ಸಮವಿಟ್ಟು ಅರ್ಧ ಇಂಚಿಗೆ ಯಂತ್ರದಲ್ಲಿ ಹೊಲಿಯಿರಿ. ಮೂಲೆಗೆ ಅರ್ಧ ಇಂಚು ಇರುವಾಗ ನಿಲ್ಲಿಸಿ, ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಿಸಿ, ಮತ್ತೆ ನೇರ ಕೆಳಕ್ಕೆ ಮಡಿಸಿ ಮುಂದುವರಿಸಿ. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನೇ ಚೂಪಾಗಿ ಕೂರುತ್ತದೆ. ಹಿಂಬದಿ ಕೈಯಿಂದ ಹೆಮ್ಮಿಂಗ್. ಸುತ್ತು ಹಾಕುವಾಗ ಪಟ್ಟಿಯನ್ನು ಎಳೆದು ಹೊಲಿದರೆ ಕೌದಿಯ ಅಂಚು ಒಳಕ್ಕೆ ಮುರುಟಿಕೊಳ್ಳುತ್ತದೆ.

ಹಿಂದಿನ ಒಂದು ಮೂಲೆಗೆ ಬಿಳಿ ಬಟ್ಟೆಯ ತುಂಡಿನಲ್ಲಿ ಯಾರ ಬಟ್ಟೆಗಳು, ಹೊಲಿದವರು ಯಾರು, ಯಾವ ವರ್ಷ ಎಂದು ಅಳಿಸದ ಶಾಯಿಯಲ್ಲೋ ದಾರದಲ್ಲೋ ಬರೆದು ಹೊಲಿಯಿರಿ.

ಒಗೆತ, ದುರಸ್ತಿ

ಕಚ್ಚಾ ಹೊಲಿಗೆ ಕಿತ್ತ ಮೇಲೆ ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಹಾಕದೆ. ಹಾಕಿದ್ದ ಗಂಜಿಯೂ ಆಗ ಹೋಗುತ್ತದೆ. ಹಿಂಡಬಾರದು, ಒತ್ತಿ ನೀರು ತೆಗೆಯಬೇಕು. ಹಗ್ಗದ ಮೇಲೆ ಒಂದೇ ಅಂಚಿನಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಹಳೇ ಎಳೆಗಳು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತವೆ. ನೆರಳಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಡಿಕೆಯ ಜಾಗವನ್ನು ಆಗಾಗ ಬದಲಿಸಿ.

ಎಷ್ಟೇ ನೋಡಿ ಆರಿಸಿದರೂ ಒಂದೆರಡು ಚೌಕ ಮುಂದೆ ಹರಿಯುತ್ತವೆ. ಆಗ ಹೊಲಿಗೆ ಬಿಚ್ಚಲು ಹೋಗಬೇಡಿ. ಅದೇ ಬಟ್ಟೆಯ ಒಂಬತ್ತು ಇಂಚಿನ ತುಂಡನ್ನು ಸುತ್ತಲೂ ಅರ್ಧ ಇಂಚು ಒಳಮಡಿಸಿ, ಹರಿದ ಚೌಕದ ಮೇಲೆಯೇ ಇಟ್ಟು, ಅಂಚನ್ನು ಹೆಮ್ಮಿಂಗ್ ಮಾಡಿ, ಒಳಗಿನ ಚೌಕವನ್ನು ಮತ್ತೆ ಕೈಯಿಂದ ಹೊಲಿಯಿರಿ. ಇದಕ್ಕೆಂದೇ ಕತ್ತರಿಸುವಾಗ ಪ್ರತಿ ಬಟ್ಟೆಯಿಂದ ಒಂದೊಂದು ಚೌಕ ಹೆಚ್ಚಿಗೆ ತೆಗೆದು, ಚೌಕಗಳ ಪಟ್ಟಿ ಬರೆದ ಹಾಳೆಯ ಜೊತೆ ಒಂದು ಬಟ್ಟೆಚೀಲದಲ್ಲಿ ಹಾಕಿಟ್ಟಿರಬೇಕು.